ಬಲೆ ಹಾಸಿದರೆ ಮುಗಿಯಿತೇ?

ಮೀನುಹೊಂಡದ ಮೇಲೆ ಬಲೆ ಹಾಸುವುದಕ್ಕೆ ನಮ್ಮಲ್ಲಿ ಸಿಕ್ಕಿರುವ ಮರ್ಯಾದೆ ಅದರ ಕೆಲಸಕ್ಕಿಂತ ದೊಡ್ಡದು. ಪಟಾಕಿ, ಹೊಳೆಯುವ ಟೇಪು, ಬೆದರುಬೊಂಬೆಗಳ ಪಾಡು ಗೊತ್ತಿರುವುದೇ. ಕೆಲವೇ ದಿನಗಳಲ್ಲಿ ನೀರುಕಾಗೆ ಬೊಂಬೆಯ ತಲೆ ಮೇಲೇ ಕೂತು ರೆಕ್ಕೆ ಒಣಗಿಸಿಕೊಳ್ಳುತ್ತದೆ. ಅವು ಸೋತವೆಂದೇ ಬಲೆಗೆ ಹೆಸರು ಬಂತು. ಕೃಷಿಹೊಂಡದಲ್ಲಿ ಕಾಟ್ಲಾ, ರೋಹು ಬಿಡುವ ರೈತನಿಗೆ ಸಿಗುವ ಸಲಹೆಯೂ ಅದೊಂದೇ.

ಎಂಥ ಬಲೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಹಾಗಾಗಿ ಕೆರೆಯಲ್ಲಿ ಮೀನು ಹಿಡಿದು ಹಳತಾದ ಸಣ್ಣೆಳೆಯ ನೈಲಾನ್ ಬಲೆಯೇ ಹೊಂಡದ ಮೇಲೇರುತ್ತದೆ. ಕಣ್ಣಿಗೆ ಕಾಣಬಾರದು, ತಗುಲಿದ್ದನ್ನು ಬಿಡಬಾರದು ಎಂದೇ ಹೆಣೆದ ಬಲೆ ಅದು. ನೀರಿನಲ್ಲಿ ಅದರ ಗುಣವಾಗಿದ್ದದ್ದು ಗಾಳಿಯಲ್ಲಿ ದೋಷ: ಹಕ್ಕಿಗೆ ಕಾಣದಿದ್ದರೆ ಅದು ತಡೆಯಲ್ಲ, ಉರುಲು. ಮೊದಲ ಗಾಳಿಮಳೆಗೆ ನಡುವೆ ಜೋತುಬಿದ್ದು ನೀರು ಮುಟ್ಟುತ್ತದೆ. ಅಂಚಿನಲ್ಲಿ ನೆಲಕ್ಕೂ ಬಲೆಗೂ ಒಂದು ಗೇಣು ಸಂದು ಉಳಿದರೆ ನೀರುಕಾಗೆ ನಡೆದೇ ಒಳಗೆ ಹೋಗುತ್ತದೆ. ಮೇಲೇಳಲು ಅದು ನೀರಿನ ಮೇಲೆ ಒಂದಷ್ಟು ದೂರ ಓಡಬೇಕು. ಬಲೆಯಡಿ ಅದಕ್ಕೆ ಜಾಗವೆಲ್ಲಿ? ಒಳಗೇ ಉಳಿದು ಮರಿಗಳನ್ನು ನುಂಗುತ್ತಿರುತ್ತದೆ, ಇಲ್ಲವೇ ಸಿಕ್ಕಿಕೊಂಡು ಸಾಯುತ್ತದೆ. ದಪ್ಪ, ಎದ್ದು ಕಾಣುವ ದಾರ, ಕಂಬಕ್ಕೆ ಬಿಗಿದ ತಂತಿ, ನಾಲ್ಕೂ ಕಡೆ ನೆಲದವರೆಗೆ ಇಳಿಬಿಟ್ಟ ಪರದೆ, ಇಷ್ಟಿದ್ದರೆ ಬಲೆ ಒಳ್ಳೆಯದೇ. ಅಷ್ಟು ಖರ್ಚು ಮರಿ ಸಾಕುವ ಪುಟ್ಟ ತೊಟ್ಟಿಗೆ ಸರಿ, ಅರ್ಧ ಎಕರೆ ಕೊಳಕ್ಕೆ ಅಲ್ಲ.

ಇನ್ನು ಶತ್ರುವಾದರೂ ಒಂದೇ ಜಾತಿಯೇ? ಬೆಳ್ಳಕ್ಕಿ ದಡದ ಆಳವಿಲ್ಲದ ನೀರಿನಲ್ಲಿ ನಿಂತು ಹಿಡಿಯುತ್ತದೆ. ಕಡಿದಾದ ದಡಕ್ಕೇ ಅದು ಅರ್ಧ ಸೋಲುತ್ತದೆ. ಹೆಚ್ಚಿನ ಮಿಂಚುಳ್ಳಿಗಳಿಗೆ ಕೂರಲು ಕೊಂಬೆ ಬೇಕು. ಇರುಳುಬಕ ಬರುವ ಹೊತ್ತಿಗೆ ಹಗಲೆಲ್ಲ ತಮಟೆ ಬಡಿದ ಕಾವಲುಗಾರ ಮಲಗಿರುತ್ತಾನೆ.

ನಷ್ಟದ ಲೆಕ್ಕ ಬರೆಯುವ ಪಂಡಿತರ ಮೇಲೆ ನನ್ನ ತಕರಾರು ಇನ್ನೂ ದೊಡ್ಡದು. ಹಕ್ಕಿಯ ದಿನದ ಆಹಾರ, ಹಕ್ಕಿಗಳ ಸಂಖ್ಯೆ, ಮಾರುಕಟ್ಟೆಯ ದರ, ಮೂರನ್ನೂ ಗುಣಿಸಿ ಮೊತ್ತ ಬರೆದುಬಿಡುತ್ತಾರೆ. ಬಿಟ್ಟ ಮರಿಗಳಲ್ಲಿ ಹಕ್ಕಿ ಬಾರದಿದ್ದರೂ ಎಷ್ಟು ಸಾಯುತ್ತಿದ್ದವು? ಕೆರೆಯಲ್ಲಾದರೆ ಹಕ್ಕಿ ನುಂಗಿದ್ದರಲ್ಲಿ ಕಸಮೀನು ಎಷ್ಟು? ಈ ಗುಣಾಕಾರ ನಂಬಿದರೆ ಕೊಕ್ಕರೆ ಬೆಳ್ಳೂರಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳು ಮಂಡ್ಯದ ಮೀನನ್ನೆಲ್ಲ ಎಂದೋ ಮುಗಿಸಿರಬೇಕಿತ್ತು. ಎದುರು ಪಾಳಯದ ಪಕ್ಷಿಪ್ರೇಮಿಗಳೂ ಕಡಿಮೆಯಿಲ್ಲ. ಹಕ್ಕಿ ರೋಗದ ಮೀನನ್ನಷ್ಟೇ ತಿನ್ನುತ್ತದಂತೆ! ಟಾರ್ಪಾಲು ಹಾಸಿದ ಹೊಂಡದಲ್ಲಿ ಕಸಮೀನೂ ಇಲ್ಲ, ಅವಿತುಕೊಳ್ಳಲು ಜೊಂಡೂ ಇಲ್ಲ. ಅಲ್ಲಿ ಹೋಗುವುದು ರೈತ ದುಡ್ಡು ಕೊಟ್ಟು ತಂದ ಮರಿಯೇ.

ಕೊಲ್ಲುವ ದಾರಿ ನಮ್ಮಲ್ಲಿಲ್ಲ, 1972ರ ವನ್ಯಜೀವಿ ಕಾಯಿದೆ ಅಡ್ಡ ನಿಂತಿದೆ. ಅಮೆರಿಕದಲ್ಲಿ ಕ್ಯಾಟ್‌ಫಿಶ್ ಸಾಕುವವರಿಗೆ ನೀರುಕಾಗೆ ಕೊಲ್ಲಲು 1998ರಲ್ಲಿ ಕೊಟ್ಟ ಸಾರ್ವತ್ರಿಕ ಅಪ್ಪಣೆಯನ್ನು 2016ರಲ್ಲಿ ನ್ಯಾಯಾಲಯ ರದ್ದು ಮಾಡಿತು. ಪರಿಣಾಮದ ಅಧ್ಯಯನ ಸಾಲದೆಂಬುದೇ ಕಾರಣ.

ಯಾರೂ ಹೊಗಳದ ಉಪಾಯವೊಂದಿದೆ: ಮರಿಯನ್ನು ದೊಡ್ಡದು ಮಾಡಿ ಬಿಡುವುದು. ಪುಟ್ಟ ನೀರುಕಾಗೆಯ ಗಂಟಲು ಕಿರಿದು. ಬೆರಳುದ್ದದ ಮರಿಯನ್ನು ಭದ್ರ ಬಲೆಯ ತೊಟ್ಟಿಯಲ್ಲಿ ಗೇಣುದ್ದ ಬೆಳೆಸಿ ಹೊಂಡಕ್ಕೆ ಬಿಟ್ಟರೆ ಅದರ ಹಾವಳಿ ಬಹುಪಾಲು ಅಲ್ಲಿಗೇ ತಗ್ಗುತ್ತದೆ. ಆದರೆ ಅದಕ್ಕೆ ಕೆಲವು ತಿಂಗಳ ಮೇವು, ಇನ್ನೊಂದು ತೊಟ್ಟಿ ಬೇಕು. ಬಲೆಯಾದರೆ ಒಂದೇ ಬಿಲ್ಲು, ಹಾಸಿದ ದಿನವೇ ಫೋಟೋ.