ಮಕ್ಕಳ ಓದು ಮತ್ತು ಗಿಜುಭಾಯಿಯವರ ‘ದಿವಾಸ್ವಪ್ನ’

ಮಕ್ಕಳಲ್ಲಿ ವಾಚನಾಭಿರುಚಿ ಕುಂದುತ್ತಿದೆಯೆಂಬ ದೂರು ಪಾಲಕರಿಂದಲೂ ಉಪಾಧ್ಯಾಯರಿಂದಲೂ ಒಂದೇ ಸಮನೆ ಕೇಳಿಬರುತ್ತಿದೆ. ಆದರೆ ಅಭಿರುಚಿಯೆಂಬುದು ಆಜ್ಞೆಯಿಂದ ಹುಟ್ಟುವ ವಸ್ತುವಲ್ಲ. ಈ ತಥ್ಯವನ್ನು 1930ರ ದಶಕದಲ್ಲಿಯೇ ಕಥಾರೂಪವಾಗಿ ನಿರೂಪಿಸಿದ ಗುಜರಾತಿ ಕೃತಿ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’. ಮಕ್ಕಳ ಹಿತವನ್ನು ಬಯಸುವವರೆಲ್ಲರೂ ಇದನ್ನು ಓದಬೇಕು, ಓದಿ ವಿಮರ್ಶಿಸಲೂಬೇಕು.

ಗಿಜುಭಾಯಿ (1885-1939) ವಕೀಲಿ ವೃತ್ತಿಯನ್ನು ತೊರೆದು ಶಿಕ್ಷಣಕ್ಕೆ ಬಂದವರು. ಮಾಂಟೆಸೊರಿಯವರ ವಿಚಾರಗಳನ್ನು ಅರಗಿಸಿಕೊಂಡು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ‘ಮೀಸೆಯುಳ್ಳ ತಾಯಿ’ ಎಂದು ಜನರು ಅವರನ್ನು ಕರೆದುದು ಅನ್ವರ್ಥವೇ ಆಗಿದೆ.

ಕೃತಿಯ ನಾಯಕ ಒಬ್ಬ ಶಿಕ್ಷಕ. ಅಧಿಕಾರಿಗಳ ಅನುಮತಿ ಪಡೆದು ನಾಲ್ಕನೆಯ ತರಗತಿಯಲ್ಲಿ ಒಂದು ವರ್ಷ ಪ್ರಯೋಗ ನಡೆಸುತ್ತಾನೆ. ಮೊದಲ ದಿನ ಮಕ್ಕಳನ್ನು ಮೌನವಾಗಿ ಕೂರಿಸುವ ಅವನ ಯತ್ನ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಆಗ ಅವನು ಬೆತ್ತವನ್ನು ಹಿಡಿಯದೆ ಕಥೆಯನ್ನು ಹಿಡಿಯುತ್ತಾನೆ. ಕಥೆಯ ಸವಿ ಹತ್ತಿದ ಮಕ್ಕಳಿಗೆ ಪುಸ್ತಕಗಳ ದಾರಿ ತೆರೆಯುತ್ತದೆ. ಪಠ್ಯಪುಸ್ತಕಕ್ಕೆಂದು ವೆಚ್ಚವಾಗುವ ಹಣದಿಂದ ತರಗತಿಗೊಂದು ಗ್ರಂಥಾಲಯ ಏರ್ಪಡುತ್ತದೆ. ನಲವತ್ತು ಮಕ್ಕಳು ಒಂದೇ ಪುಸ್ತಕದ ನಲವತ್ತು ಪ್ರತಿಗಳನ್ನು ಕೊಳ್ಳುವುದಕ್ಕಿಂತ ನಲವತ್ತು ಬೇರೆ ಪುಸ್ತಕಗಳನ್ನು ಕೊಂಡು ಹಂಚಿಕೊಂಡು ಓದುವುದು ಎಷ್ಟು ಲಾಭಕರ! ಈ ಸರಳವಾದ ಲೆಕ್ಕವೇ ಕೃತಿಯ ಮುಖ್ಯ ಕೊಡುಗೆಯೆಂದು ನಮಗೆ ತೋರುತ್ತದೆ. ಕೇಳುವುದು ಮೊದಲು, ಓದುವುದು ಅನಂತರ, ಪರೀಕ್ಷೆ ಕಡೆಗೆ ಎಂಬ ಕ್ರಮವೂ ಶ್ಲಾಘ್ಯವಾದುದು.

ಆದರೂ ಕೃತಿ ದೋಷರಹಿತವಲ್ಲ. ನಾಯಕನಿಗೆ ಜಯ ಸುಲಭವಾಗಿ ದೊರೆಯುತ್ತದೆ. ಸಹೋದ್ಯೋಗಿಗಳು ಬಹುಮಟ್ಟಿಗೆ ಅಪಹಾಸ್ಯ ಮಾಡುವವರಾಗಿಯೇ ಕಾಣುತ್ತಾರೆ. ಆ ಉತ್ಸಾಹಿ ಹೊರಟುಹೋದ ಮೇಲೆ ಆ ಮಕ್ಕಳ ಗತಿಯೇನು? ವ್ಯಕ್ತಿಯ ಪ್ರತಿಭೆಯನ್ನು ಸಂಸ್ಥೆಯ ಪದ್ಧತಿಯನ್ನಾಗಿ ಮಾಡುವ ಬಗೆ ಹೇಗೆ? ಕನಸು ಈ ಪ್ರಶ್ನೆಯ ಹೊಸ್ತಿಲಲ್ಲಿಯೇ ನಿಲ್ಲುತ್ತದೆ. ನಮ್ಮ ನಾಡಿನಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿ, ನಲಿವಿನ ಕಲಿಕೆಯನ್ನು ಸರಕಾರಿ ಶಾಲೆಗಳ ವ್ಯವಸ್ಥೆಯೊಳಗೇ ತರಲೆತ್ನಿಸಿದುದು ಈ ದೃಷ್ಟಿಯಿಂದ ಗಮನಾರ್ಹ.

ಇನ್ನು ನಮ್ಮ ಮಾತು. ಮಠಗಳ ಪ್ರಸಾದನಿಲಯಗಳಲ್ಲಿ ವಚನಗಳನ್ನು ನಿರರ್ಗಳವಾಗಿ ಒಪ್ಪಿಸುವ ಬಾಲಕರಿದ್ದಾರೆ. ಅದು ಸಂತೋಷದ ಸಂಗತಿ. ಆದರೆ ಅದೇ ಬಾಲಕನಿಗೆ ತಾನು ಕಂಡ ಜಾತ್ರೆಯನ್ನು ಕುರಿತು ನಾಲ್ಕು ವಾಕ್ಯ ಬರೆಯೆಂದರೆ ಲೇಖನಿ ನಿಂತುಬಿಡುತ್ತದೆ. ಕಂಠಪಾಠ ಸ್ಮೃತಿಯನ್ನು ಬೆಳೆಸೀತು. ಸ್ವಂತ ನುಡಿಯನ್ನು ಬೆಳೆಸಲಾರದು. ಅನುಭವವನ್ನು ತಮ್ಮದೇ ಆಡುನುಡಿಯಲ್ಲಿ ಹೇಳಿದವರೇ ವಚನಕಾರರು; ಅವರ ಮಾತನ್ನು ಕಲಿಸಿ, ಮಕ್ಕಳ ಮಾತನ್ನು ಅಡಗಿಸುವುದು ಯಾವ ನ್ಯಾಯ?

ಪುಸ್ತಕದ ಕಪಾಟಿಗೆ ಬೀಗ ಹಾಕಿ ಕೀಲಿಕೈಯನ್ನು ಕಚೇರಿಯಲ್ಲಿಡುವ ಸಂಪ್ರದಾಯ ಮೊದಲು ನಿಲ್ಲಬೇಕು. ಪುಸ್ತಕ ಹರಿದರೆ ಹರಿಯಲಿ. ಓದದೆ ಗೆದ್ದಲು ತಿನ್ನುವುದಕ್ಕಿಂತ ಅದು ಲೇಸು. ದಿನಕ್ಕೊಂದು ಕಥೆಯನ್ನು ಹಿರಿಯರು ಓದಿ ಹೇಳಲಿ. ತಿಂಗಳಿಗೊಂದು ಕೈಬರಹದ ಪತ್ರಿಕೆಯನ್ನು ಮಕ್ಕಳೇ ಹೊರತರಲಿ. ಅದರಲ್ಲಿಯ ಕಾಗುಣಿತದ ತಪ್ಪನ್ನು ಅನಂತರ ತಿದ್ದೋಣ, ಮೊದಲು ಬರೆದ ವಿಷಯವನ್ನು ಓದೋಣ. ಈ ಮಠಗಳಲ್ಲಿ ಉಂಡು ಓದಿದ ಹಳೆಯ ವಿದ್ಯಾರ್ಥಿಗಳು ತಮ್ಮೂರ ಶಾಲೆಗೆ ಗಡಿಯಾರವನ್ನೋ ಕುರ್ಚಿಯನ್ನೋ ಕಾಣಿಕೆ ಕೊಡುವ ಬದಲು ಕಥಾಪುಸ್ತಕಗಳನ್ನು ಕೊಡಲಿ. ಜ್ಞಾನದಾಸೋಹಕ್ಕೆ ಇದಕ್ಕಿಂತ ಸುಲಭವಾದ ಆರಂಭ ಬೇರೊಂದಿಲ್ಲ.