ಧರ್ಮವೀರರ ಸ್ಮಾರಕಗಳು: ಒಂದು ರಸವಿಚಾರ

ಆಲಂಕಾರಿಕರು ವೀರರಸವನ್ನು ವಿಭಾಗಿಸುವಾಗ ಯುದ್ಧವೀರನೊಡನೆ ಧರ್ಮವೀರನನ್ನೂ ಎಣಿಸಿರುವರು. ಮೊದಲನೆಯವನ ಉತ್ಸಾಹಕ್ಕೆ ಶತ್ರುವು ಆಲಂಬನ. ಎರಡನೆಯವನ ಉತ್ಸಾಹಕ್ಕೆ ಧರ್ಮವೇ ಆಲಂಬನ. ಈ ಭೇದವು ಕಾವ್ಯಕ್ಕೆ ಮಾತ್ರವಲ್ಲದೆ, ಮತಾರ್ಥವಾಗಿ ಮಡಿದವರಿಗೆ ಎತ್ತಿದ ಸ್ಮಾರಕಗಳಿಗೂ ಅನ್ವಯಿಸುವುದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಧರ್ಮಮರಣದ ಸ್ಮರಣೆಗೆ ಪ್ರಾಚೀನ ನಿದರ್ಶನವುಂಟು. ಕಾಗವಾಡದ ಬಸದಿಯ ನೆಲಮಾಳಿಗೆಯಲ್ಲಿರುವ 1394ರ ನಿಷಿಧಿ ಶಾಸನವು ಯಾಪನೀಯ ಸಂಘದ ನೇಮಿಚಂದ್ರನನ್ನೂ, ಅವನೊಡನೆ ಧರ್ಮಕೀರ್ತಿ ನಾಗಚಂದ್ರರನ್ನೂ ಹೆಸರಿಸುವುದು. ವ್ರತದಿಂದ ಮುಡಿಪಿದವರನ್ನು ನೆನೆಯುವ ನಿಷಿಧಿಯಲ್ಲಿ ವೈರಿಗೆ ಎಡೆಯೇ ಇಲ್ಲ.

ಅನ್ಯರ ಕೈಯಿಂದ ಹತರಾದವರ ಸ್ಮಾರಕವಾದರೋ ಇಷ್ಟು ಸುಲಭವಲ್ಲ. ಇದಕ್ಕೆ ಘಟ್ಟದಾಚೆಯ ಗೋವೆಯ ಕುಂಕಳ್ಳಿಯು ಸಾಕ್ಷಿಯಾಗಿದೆ. ಸಾಷ್ಟಿ ಪ್ರಾಂತದಲ್ಲಿ ಪೋರ್ತುಗೀಜರು ದೇವಾಲಯಗಳನ್ನು ಕೆಡಹಿದ್ದರು. 1583ರ ಜುಲೈ 25ರಂದು, ಚರ್ಚಿಗೆ ಸ್ಥಳವನ್ನು ನೋಡಲು ಬಂದ ರುದೋಲ್ಫೊ ಅಕ್ವಾವಿವ ಮೊದಲಾದ ಐವರು ಯೇಸುಸಭೆಯವರನ್ನು ಊರವರು ಕೊಂದರು. ಅವರೊಡನೆ ಒಬ್ಬ ಪೋರ್ತುಗೀಜ ಗೃಹಸ್ಥನೂ ಹದಿನಾಲ್ಕು ಮಂದಿ ದೇಶೀಯ ಕ್ರೈಸ್ತರೂ ಹತರಾದರು. ಬಳಿಕ ಅಧಿಕಾರಿಗಳು ಊರ ಗಾಂವಕಾರರನ್ನು ಸಂಧಾನದ ನೆವದಿಂದ ಅಸೊಳ್ಣೆಯ ಕೋಟೆಗೆ ಕರೆಯಿಸಿ, ವಿಚಾರಣೆಯಿಲ್ಲದೆ ವಧಿಸಿದರು. ಒಬ್ಬನು ಮಾತ್ರ ಹೊಳೆಗೆ ಹಾರಿ ಕಾರವಾರಕ್ಕೆ ಪಾರಾದನೆಂದು ಪ್ರತೀತಿ.

ಇಂದು ಕುಂಕಳ್ಳಿಯಲ್ಲಿ ಪಾದ್ರಿಗಳ ಸ್ಮರಣೆಗೆ ಪ್ರಾರ್ಥನಾಮಂದಿರವೂ, ಗಾಂವಕಾರರ ಸ್ಮರಣೆಗೆ 2003ರಲ್ಲಿ ನಿರ್ಮಿಸಿದ ಸ್ಮಾರಕವೂ ಇವೆ. ಒಂದರ ನಾಯಕರು ಮತ್ತೊಂದರ ಪ್ರತಿನಾಯಕರು. ಕೊಂದವರನ್ನು ಮರೆಯಿಸಿದರೆ ಸತ್ಯಕ್ಕೆ ಲೋಪವಾಗದೆ ಎಂದು ಆಕ್ಷೇಪಿಸಬಹುದು. ಸತ್ಯವನ್ನು ಮರೆಯಿಸಬೇಕೆಂದು ಇಲ್ಲಿನ ಅಭಿಪ್ರಾಯವಲ್ಲ. ಹಂತಕನ ಕೃತ್ಯವು ಉದ್ದೀಪನವಾಗಿ ನಿಲ್ಲಲಿ. ಹಂತಕನೇ ಆಲಂಬನವಾದರೆ ಉತ್ಸಾಹವು ಅಡಗಿ ಕ್ರೋಧವು ಸ್ಥಾಯಿಯಾಗುವುದು, ವೀರವು ರೌದ್ರಕ್ಕೆ ಇಳಿಯುವುದು. ಆದುದರಿಂದ ಈ ಎರಡು ಸ್ಮಾರಕಗಳನ್ನು ಒಂದೇ ಪ್ರಬಂಧದ ಎರಡು ಸರ್ಗಗಳಂತೆ ಕೂಡಿಸಿ ಓದತಕ್ಕದ್ದು.

ಹಾಗೆ ಓದಿದರೂ ಒಂದು ನ್ಯೂನತೆಯು ಉಳಿಯುವುದು. 1893ರಲ್ಲಿ ಹದಿಮೂರನೆಯ ಲಿಯೋ ಪೋಪರು ಅನುಗ್ರಹಿಸಿದ ಧನ್ಯಪದವಿಯು ಯೇಸುಸಭೆಯ ಐವರಿಗೆ ಮಾತ್ರ ಸಂದಿತು. ಅದೇ ದಿನ ಅದೇ ನೆಲದಲ್ಲಿ ಮಡಿದ ಹದಿನಾಲ್ವರು ದೇಶೀಯರು ಆ ಗಣನೆಗೆ ಬರಲಿಲ್ಲ. ಗಾಂವಕಾರರ ಪಕ್ಷಕ್ಕೂ ಅವರು ಸೇರಿದವರಲ್ಲ. ಆಚಾರ್ಯನೊಡನೆ ಇತರರ ಹೆಸರನ್ನೂ ಕಂಡರಿಸಿದ ಕಾಗವಾಡದ ಶಿಲೆಯೊಡನೆ ಹೋಲಿಸಿದಾಗ ಈ ಲೋಪವು ಎದ್ದು ಕಾಣುವುದು. ಧರ್ಮವೀರರ ಸ್ಮಾರಕವನ್ನು ವಿಮರ್ಶಿಸುವವರು ಅದರಲ್ಲಿ ಯಾರ ಹೆಸರುಂಟೆಂಬುದರೊಡನೆ ಯಾರ ಹೆಸರು ಬಿಟ್ಟುಹೋಗಿದೆಯೆಂಬುದನ್ನೂ ವಿಚಾರಿಸುವುದು ಯುಕ್ತವಾಗಿದೆ.