ಎಣಿಕೆಗೆ ಸಿಗದ ಉಲ್ಲೇಖ: ಪ್ರಭಾವಮಾಪನವೂ ದ್ರಾವಿಡ ಭಾಷಾವಿಜ್ಞಾನವೂ

ವಿದ್ವಾಂಸರೊಬ್ಬರ ಪ್ರಭಾವವನ್ನು ಉಲ್ಲೇಖಗಳ ಸಂಖ್ಯೆಯಿಂದ ಅಳೆಯುವ ಪದ್ಧತಿ ಭಾಷಾವಿಜ್ಞಾನದೊಳಗೆ ಹುಟ್ಟಿದ್ದಲ್ಲ. ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ವಿಜ್ಞಾನಕ್ಕೊಂದು ಉಲ್ಲೇಖಸೂಚಿ ಬೇಕೆಂದು ಪ್ರತಿಪಾದಿಸಿದಾಗ ಅವರ ಮುಂದಿದ್ದುದು ಮುಖ್ಯವಾಗಿ ಶೋಧನೆಯ ಸಮಸ್ಯೆ: ಒಂದು ವಿಚಾರವನ್ನು ಮುಂದೆ ಯಾರು ಬೆಳೆಸಿದರು, ಯಾರು ಟೀಕಿಸಿದರು ಎಂಬುದನ್ನು ಪತ್ತೆಹಚ್ಚುವುದು. ಹುಡುಕುವ ಸಾಧನವೇ ಕಾಲಕ್ರಮದಲ್ಲಿ ಅಳತೆಗೋಲಾಯಿತು. 2005ರಲ್ಲಿ ಭೌತವಿಜ್ಞಾನಿ ಹಿರ್ಶ್ ಸೂಚಿಸಿದ ಎಚ್-ಸೂಚ್ಯಂಕ ಅದನ್ನು ಒಂದೇ ಅಂಕಿಗೆ ಇಳಿಸಿತು: ತಲಾ ಕನಿಷ್ಠ ಹತ್ತು ಬಾರಿ ಉಲ್ಲೇಖಗೊಂಡ ಹತ್ತು ಬರಹಗಳಿದ್ದರೆ ಆ ವಿದ್ವಾಂಸರ ಎಚ್ ಹತ್ತು.

ಅಳೆಯುವುದೇ ತಪ್ಪೆಂಬ ವಾದ ನನ್ನದಲ್ಲ. ಈ ಗಣನೆ ಯಾವುದನ್ನು ಉಲ್ಲೇಖವೆಂದು ಗುರುತಿಸುತ್ತದೆಯೋ ಅದಕ್ಕೂ ನಮ್ಮ ಶಾಸ್ತ್ರದಲ್ಲಿ ಉಲ್ಲೇಖವು ನಡೆಯುವ ರೀತಿಗೂ ತಾಳೆಯಾಗುವುದಿಲ್ಲವೆಂಬುದಷ್ಟೇ ನನ್ನ ಆಕ್ಷೇಪ.

ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿಕೋಶವನ್ನೇ (1961, ಪರಿಷ್ಕೃತ ಆವೃತ್ತಿ 1984) ನೋಡಬಹುದು. ದ್ರಾವಿಡ ಪದಮೂಲವನ್ನು ಕುರಿತು ಬರೆಯುವವರು ಇದನ್ನು ಬಳಸದೆ ಒಂದು ಪುಟವನ್ನೂ ದಾಟಲಾರರು. ಆದರೆ ಬಳಸುವ ಬಗೆ ಹೇಗೆ? ಕೃತಿಯ ಹೆಸರನ್ನು ನಾಲ್ಕು ಅಕ್ಷರಗಳಿಗೆ ಸಂಕ್ಷೇಪಿಸಿ, ಪಕ್ಕದಲ್ಲಿ ನಮೂದಿನ ಸಂಖ್ಯೆಯನ್ನು ಕೊಟ್ಟರೆ ಮುಗಿಯಿತು. ಒಂದೇ ಲೇಖನದಲ್ಲಿ ಇಂಥ ಐವತ್ತು ಸಂಖ್ಯೆಗಳಿರಬಹುದು; ಗ್ರಂಥಸೂಚಿಯಲ್ಲಿ ಅದು ಒಂದು ಸಾಲು, ಕೆಲವೊಮ್ಮೆ ಸಂಕ್ಷೇಪಗಳ ಪಟ್ಟಿಯಲ್ಲಿ ಮಾತ್ರ. ಗ್ರಂಥಸೂಚಿಯನ್ನಷ್ಟೇ ಓದುವ ಯಂತ್ರಕ್ಕೆ ಮೊದಲನೆಯ ಸಂದರ್ಭದಲ್ಲಿ ಒಂದು ಉಲ್ಲೇಖ, ಎರಡನೆಯದರಲ್ಲಿ ಸೊನ್ನೆ. ಒಂದು ಕೃತಿ ಶಾಸ್ತ್ರದ ಅಡಿಪಾಯವಾದಷ್ಟೂ ಅದರ ಉಲ್ಲೇಖ ಮಾಯವಾಗುತ್ತದೆ.

ಗ್ರಂಥಗಳ ಮೂಲಕ ಬೆಳೆದ ವಿದ್ವತ್ತಿಗೆ ಎಚ್-ಸೂಚ್ಯಂಕ ಇನ್ನೊಂದು ಬಗೆಯಲ್ಲಿ ಅನ್ಯಾಯ ಮಾಡುತ್ತದೆ. ನಾಲ್ಕು ಗ್ರಂಥಗಳನ್ನು ಮಾತ್ರ ಬರೆದವರ ಎಚ್, ಒಂದೊಂದಕ್ಕೂ ಸಾವಿರ ಉಲ್ಲೇಖಗಳಿದ್ದರೂ, ನಾಲ್ಕನ್ನು ದಾಟದು. ಡಿ. ಎನ್. ಶಂಕರ ಭಟ್ಟರ ವಿಷಯದಲ್ಲಿ ಸಮಸ್ಯೆ ಮತ್ತಷ್ಟು ಜಟಿಲ. ಗುಣವಾಚಕ ವರ್ಗವನ್ನು ಕುರಿತ 1994ರ ಗ್ರಂಥ, ಕಾಲ, ಸ್ಥಿತಿ ಮತ್ತು ಅರ್ಥಗಳ ಪ್ರಾಧಾನ್ಯವನ್ನು ಕುರಿತ 1999ರದು, ಸರ್ವನಾಮಗಳನ್ನು ಕುರಿತ 2004ರದು ಇವೆಲ್ಲ ಇಂಗ್ಲಿಷಿನಲ್ಲಿವೆ. ಪ್ರರೂಪವಿಜ್ಞಾನಿಗಳು ಇವನ್ನು ಚರ್ಚಿಸುತ್ತಾರೆ, ಸೂಚಿಗಳಿಗೂ ಇವು ಸಿಗುತ್ತವೆ. ಆದರೆ ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದ, ಬರವಣಿಗೆಯ ಸುಧಾರಣೆಯನ್ನು ಪ್ರತಿಪಾದಿಸಿದ ಕನ್ನಡ ಕೃತಿಗಳು ಎಬ್ಬಿಸಿದ ವಾಗ್ವಾದ ಬಹುಮಟ್ಟಿಗೆ ಕನ್ನಡದಲ್ಲೇ ನಡೆಯಿತು. ಆದ್ದರಿಂದ ಅದು ಗಣನೆಯ ಹೊರಗುಳಿಯಿತು. ಮೇಲಾಗಿ ತಮ್ಮದೇ ಸುಧಾರಣೆಯನ್ನು ಹೆಸರಿಗೂ ಅನ್ವಯಿಸಿಕೊಂಡು ಅವರು 'ಬಟ್' ಎಂದು ಬರೆದುಕೊಂಡರು. ಮಹಾಪ್ರಾಣವನ್ನು ಬಿಟ್ಟದ್ದು ಒಂದು ಭಾಷಾವೈಜ್ಞಾನಿಕ ನಿಲುವು. ದತ್ತಸಂಚಯದ ಲೆಕ್ಕದಲ್ಲಿ ಅದರಿಂದ ಇಬ್ಬರು ಲೇಖಕರು ಹುಟ್ಟುತ್ತಾರೆ!

ಸಹಲೇಖನ ಜಾಲಗಳ ಅಧ್ಯಯನ ಇದಕ್ಕಿಂತ ಸೂಕ್ಷ್ಮವೆಂಬ ಅಭಿಪ್ರಾಯವಿದೆ. ಲೇಖಕರು ಬಿಂದುಗಳು, ಜಂಟಿ ಬರಹಗಳು ಅವನ್ನು ಕೂಡಿಸುವ ಗೆರೆಗಳು. ಹೆಚ್ಚು ಹಾದಿಗಳು ಯಾವ ಬಿಂದುವಿನ ಮೂಲಕ ಸಾಗುತ್ತವೆಯೋ ಅದೇ ಕೇಂದ್ರ. ಕ್ಷೇತ್ರಭಾಷಾವಿಜ್ಞಾನಕ್ಕೆ ಇದನ್ನು ಅನ್ವಯಿಸಿದಾಗ ಬಿರುಕು ಕಾಣುತ್ತದೆ. ಎಮೆನೋ ಅವರ ಕೋತ ಪಠ್ಯಗಳು (1944–46) ನೀಲಗಿರಿಯ ಕೋತ ಭಾಷಿಕ ಸುಲ್ಲಿ ಹೇಳಿದ ಕಥನಗಳನ್ನು ನೆಚ್ಚಿಕೊಂಡಿವೆ. ಮಾನವಶಾಸ್ತ್ರಜ್ಞ ಮ್ಯಾಂಡಲ್‌ಬಾಮ್ ಅವರಿಗೂ ಕೋತರ ಬಗ್ಗೆ ಹೇಳಿದವನು ಅದೇ ಸುಲ್ಲಿ. ಎರಡು ಶಾಸ್ತ್ರಗಳು ಅವನಲ್ಲಿ ಸಂಧಿಸುತ್ತವೆ. ಆದರೆ ಅವನು ಲೇಖಕನಲ್ಲ, ಹಾಗಾಗಿ ಜಾಲದಲ್ಲಿ ಬಿಂದುವೂ ಅಲ್ಲ.

ಈ ಅಳತೆಗಳು ನೇಮಕಾತಿಗೆ ಇಳಿದಾಗ ಏನಾಗುತ್ತದೆಂಬುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ತೋರಿಸುತ್ತದೆ. ಭಾಷೆ ಮತ್ತು ಮಾನವಿಕ ವಿಷಯಗಳಲ್ಲಿ ಲೇಖನವೊಂದಕ್ಕೆ 10 ಅಂಕ. ಇಬ್ಬರು ಬರೆದರೆ ತಲಾ ಶೇ. 70, ಮೂವರಿಗಿಂತ ಕಡಿಮೆಯಿಲ್ಲದಿದ್ದರೆ ಮೊದಲಿಗರಿಗೆ ಶೇ. 70, ಉಳಿದ ಪ್ರತಿಯೊಬ್ಬರಿಗೂ ಶೇ. 30. ಒಬ್ಬರೇ ಬರೆದಾಗ 10 ಆಗುವ ಲೇಖನ ಇಬ್ಬರಿಗೆ ಒಟ್ಟು 14, ನಾಲ್ವರಿಗೆ 16 ಆಗುತ್ತದೆ. ರಾಷ್ಟ್ರೀಯ ಪ್ರಕಾಶಕರ ಗ್ರಂಥಕ್ಕೂ 10 ಅಂಕವೇ. ಇಪ್ಪತ್ತು ವರ್ಷ ದುಡಿದು ಒಂದು ಉಪಭಾಷೆಯ ಕೋಶವನ್ನು ಸಿದ್ಧಪಡಿಸಬೇಕೆಂದಿರುವ ಸಂಶೋಧಕಿಗೆ ನಾನು ಯಾವ ಸಲಹೆ ಕೊಡಲಿ? ಕೋಶವನ್ನು ಬದಿಗಿಟ್ಟು ಗೆಳೆಯರೊಡನೆ ಲೇಖನಗಳನ್ನು ಬರೆ ಎಂದೇ ಈ ಲೆಕ್ಕ ಹೇಳುತ್ತದೆ.

ದೋಷವೆಲ್ಲವೂ ಹೊರಗಿನದಲ್ಲ. 'ಕೆಲವು ವಿದ್ವಾಂಸರು ಅಭಿಪ್ರಾಯಪಡುವಂತೆ' ಎಂದು ಬರೆದು, ಆ ಕೆಲವರು ಯಾರೆಂದು ಹೇಳದೆ ಖಂಡಿಸುವ ರೂಢಿ ಕನ್ನಡ ವಿದ್ವತ್ ಗದ್ಯದಲ್ಲಿ ಗಟ್ಟಿಯಾಗಿ ನೆಲೆಸಿದೆ. ಇದು ಸೌಜನ್ಯವಿರಬಹುದು, ಆದರೆ ಗಾರ್ಫೀಲ್ಡ್ ಬಯಸಿದ ಹುಡುಕಾಟವನ್ನೂ ಅದು ಅಸಾಧ್ಯವಾಗಿಸುತ್ತದೆ. ಸ್ಥಳೀಯ ಮಹತ್ವದ ಸಂಶೋಧನೆಯನ್ನು ಕಾಪಾಡಬೇಕೆಂದು 2015ರ ಲೈಡನ್ ಪ್ರಣಾಳಿಕೆ ಹೇಳುತ್ತದೆ. ಅದನ್ನು ಉದ್ಧರಿಸುವ ಮೊದಲು ನಮ್ಮ ಪತ್ರಿಕೆಗಳು ಮೂರು ಸಣ್ಣ ಕೆಲಸಗಳನ್ನು ಮಾಡಬಹುದು: ಕೋಶದ ಸಂಕ್ಷೇಪಕ್ಕೆ ಗ್ರಂಥಸೂಚಿಯಲ್ಲಿ ಪೂರ್ಣ ನಮೂದನ್ನು ಕೇಳುವುದು, ಕನ್ನಡ ಗ್ರಂಥಸೂಚಿಯನ್ನು ರೋಮನ್ ಲಿಪಿಯಲ್ಲೂ ಅಚ್ಚು ಹಾಕುವುದು, ಭಾಷಿಕರು ಒಪ್ಪಿದರೆ ಅವರ ಹೆಸರನ್ನು ಕೃತಜ್ಞತೆಯ ಸಾಲಿನಿಂದ ಲೇಖಕರ ಸಾಲಿಗೆ ತರುವುದು. ಮೂರನೆಯದಕ್ಕೆ ಪ್ರತಿರೋಧ ಬರುವುದು ಖಚಿತ. ನನ್ನ ಹಳೆಯ ಲೇಖನಗಳಲ್ಲಿಯೂ ಭಾಷಿಕರ ಹೆಸರುಗಳಿರುವುದು ಅಡಿಟಿಪ್ಪಣಿಯಲ್ಲಿಯೇ.